ಉಪವಾಸ ಗಂಟಿಗಲ್ಲ, ಗಂಡನಿಗೆ

ರನ್ನ ಬೆಳಗಲಿಯ ಅಂದಾನೆಪ್ಪನ ಮನೆ ತುಂಬ ಸ್ವಂತ ಗಾಣದ ಬೆಲ್ಲ. ಆದರೆ ಈಗ ಅವನ ಚಹಕ್ಕೆ ಬೆಲ್ಲವಿಲ್ಲ, ತಾಟಿನಲ್ಲಿ ರೊಟ್ಟಿಯೂ ಇಲ್ಲ. ಸೌತೆಕಾಯಿ, ಬೇಯಿಸಿದ ಸೊಪ್ಪು, ಅಷ್ಟೇ. ಹೆಂಡತಿ ಸಾವಿತ್ರೆವ್ವನ ಕಟ್ಟಪ್ಪಣೆ.

ಪಾಪ, ಅವಳಿಗೇನು ಗಂಡನ ಮೇಲೆ ಸಿಟ್ಟೇ? ಅವನ ಮಿದುಳಿನಲ್ಲಿ ಬೇಗ ಬೆಳೆಯುವ ಕ್ಯಾನ್ಸರ್ ಗಂಟು. ಆಪರೇಶನ್ ಆದರೂ ಒಂದಿಷ್ಟು ಉಳಿದಿತ್ತು. ಸಕ್ಕರೆ, ರೊಟ್ಟಿ ಬಿಡಿಸಿದರೆ ಅದು ತಾನೇ ಸಾಯುತ್ತದೆ ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ನಂಬಿ, ತಾನೂ ರೊಟ್ಟಿ ಬಿಟ್ಟಿದ್ದಳು. ಅಂದಾನೆಪ್ಪ ಎಷ್ಟು ಸೊರಗಿದನೆಂದರೆ ಡಾಕ್ಟರು ರೇಡಿಯೇಶನ್ ಮುಂದಕ್ಕೆ ಹಾಕಿದರು. ಉಪವಾಸದ ಸುದ್ದಿಯನ್ನು ಅವಳು ಅವರಿಗೆ ಹೇಳಿರಲಿಲ್ಲ.

ಒಂದು ಸಂಜೆ ಪಕ್ಕದ ಮನೆಯ ನರ್ಸ್ ಮಧುಮತಿ ಬಂದವಳು ತಾಟು ನೋಡಿ ಗಾಬರಿಯಾದಳು.

"ಕಾಕೂ, ಕಾಕಾಗ ರೊಟ್ಟಿ ಎಲ್ಲೈತ್ರಿ?"

"ಗಂಟು ಸಕ್ಕರಿ ತಿಂದು ಬೆಳಿತೈತಂತ. ಸುಳ್ಳೇನಬೇ?"

"ಖರೇನ ಐತ್ರಿ. ಅದಕ್ಕ ಸಕ್ಕರಿ ಭಾಳ ಬೇಕು. ಆದ್ರ ನೀವು ಕೊಡಲಿಲ್ಲಂದ್ರ ಮೈಯಾನ ಮಾಂಸ ಕರಗಿ ಸಕ್ಕರಿ ಆಗತೈತಿ, ಗಂಟು ಅದನ್ನೂ ತಿಂತೈತಿ. ಸಾಲದಿದ್ರ ಕೊಬ್ಬು, ಪ್ರೋಟೀನು ಉರಸ್ತೈತಿ."

ಹಾಸಿಗೆಯಿಂದ ಅಂದಾನೆಪ್ಪ ಮೆಲ್ಲಗೆ ಹೇಳಿದ: "ಅಂದ್ರ ನಮ್ಮ ಗಾಣದ ಒಲಿ ಇದ್ದಂಗ. ಕಬ್ಬಿನ ಸಿಪ್ಪಿ ತೀರಿದ್ರ ಒಣಗಿದ ಗರಿ ರವದಿ, ರವದಿ ತೀರಿದ್ರ ಕಟ್ಟಿಗಿ."

ಸಾವಿತ್ರೆವ್ವ ಬಾಯಿಗೆ ಸೆರಗು ಒತ್ತಿಕೊಂಡಳು. "ಹಂಗಾರ ನಾ ಉಪಾಸ ಕೆಡವಿದ್ದು ಗಂಟನ್ನಲ್ಲ, ಇವರನ್ನ ಯವ್ವಾ!" ಎಂದು ಬಿಕ್ಕಿದಳು.

"ಅಳಬ್ಯಾಡ್ರಿ. ನಾಳಿ ಡಾಕ್ಟರ ಮುಂದ ಎಲ್ಲಾ ಹೇಳೂಣು. ಕೆಲವು ಗುಳಿಗಿಯಿಂದ ರಕ್ತದಾಗ ಸಕ್ಕರಿ ಏರತೈತಿ, ಅದನ್ನೂ ನೋಡಿ ಏನು ಉಣ್ಣಬೇಕಂತ ಅವ್ರು ಹೇಳ್ತಾರ."

"ಗಂಟು ಪೂರಾ ಹೋಗತೈತೇನ?"

"ಸುಳ್ಳು ಹೇಳೂದಿಲ್ರಿ ಕಾಕೂ, ಭಾಳ ಹಟಮಾರಿ ಗಂಟದು. ಆದ್ರ ರೇಡಿಯೇಶನ್, ಔಷಧ ತಡಕೊಳ್ಳಾಕ ಕಾಕಾಗ ತ್ರಾಣ ಬೇಕು."

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಊಟ ಗೊತ್ತುಮಾಡಿದರು. ರೊಟ್ಟಿ, ಬೇಳೆ, ಮೊಸರು. ಬೆಲ್ಲ ಮಾತ್ರ ಹಿತಮಿತ. ಸಾವಿತ್ರೆವ್ವ ಅಂದೇ ಬಿಸಿ ರೊಟ್ಟಿ ಬಡಿದಳು. ಮೊದಲ ತುತ್ತು ತಿನ್ನುವ ಮುಂಚೆ ಅಂದಾನೆಪ್ಪ, "ನೀನೂ ತಾಟು ತಗೋ" ಎಂದ. ಕೆಲವು ವಾರಗಳ ಮೇಲೆ ಅವನು ರೇಡಿಯೇಶನ್ ಕೋಣೆಗೆ ಯಾರ ಕೈಯನ್ನೂ ಹಿಡಿಯದೆ ನಡೆದುಹೋದ.

ಅಕ್ಕಂದಿರೇ, ಅಣ್ಣಂದಿರೇ, ಮಿದುಳಿನ ಇಂಥ ಗಂಟಿಗೆ ಸಕ್ಕರೆಯ ಹಸಿವು ಹೆಚ್ಚೆಂಬುದು ನಿಜ. ಆದರೆ ಊಟ ಬಿಡಿಸಿದರೆ ಅದು ಸಾಯುವುದಿಲ್ಲ, ನಿಮ್ಮವರು ಸೊರಗುತ್ತಾರೆ. ರೋಗಿಯ ತಾಟಿನಿಂದ ಒಂದು ರೊಟ್ಟಿ ತೆಗೆಯುವ ಮೊದಲು ಡಾಕ್ಟರನ್ನು ಕೇಳಿ.