ಅರ್ಧ ಮಾತ್ರೆ

ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಕಬ್ಬಿಣದ ಕಪಾಟಿತ್ತು. ನಿದ್ದೆಯ ಮಾತ್ರೆ, ಬಲವಾದ ನೋವಿನ ಮಾತ್ರೆ, ಚೀಟಿ ಇಲ್ಲದೆ ಯಾರಿಗೂ ಕೊಡಬಾರದಂಥವೆಲ್ಲ ಅದರೊಳಗೆ. ಬೀಗದ ಕೈ ಇದ್ದದ್ದು ಯಜಮಾನರ ಬಳಿ, ಆ ಅಂಗಡಿಯಲ್ಲೇ ತಲೆ ನರೆಸಿಕೊಂಡ ಕನ್ನಡಕದಣ್ಣನ ಬಳಿ, ಮತ್ತೆ ಕೌಂಟರಿನಲ್ಲಿ ನಿಲ್ಲುತ್ತಿದ್ದ ಅವಳ ಬಳಿ. ಬೀದಿಯವರಿಗೆಲ್ಲ ಅವಳು 'ಮಾತ್ರೆ ಅಕ್ಕ'. ಯಾವ ಮನೆಯ ಅಜ್ಜಿಗೆ ಯಾವ ಬಣ್ಣದ ಗುಳಿಗೆ ಎಂಬುದು ಅವಳಿಗೆ ಬಾಯಿಪಾಠ.

ಒಂದು ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಯಜಮಾನರು ಇಬ್ಬರನ್ನೂ ಒಳಗೆ ಕರೆದರು.

"ನೋವಿನ ಮಾತ್ರೆ ಸ್ಟ್ರಿಪ್‌ಗಟ್ಟಲೆ ಕಡಿಮೆ ಇದೆ. ಇಲಿ ತಿಂದಿದ್ರೆ ಇಷ್ಟು ಹೊತ್ತಿಗೆ ಇಲ್ಲೇ ಸತ್ತು ಬಿದ್ದಿರಬೇಕಿತ್ತು. ಯಾರು ಅಂತ ನೀವೇ ಹೇಳಿಬಿಡಿ."

ಕನ್ನಡಕದಣ್ಣ ಎಂಥ ಮಾತಿಗೂ ನಗೆ ಬೆರೆಸುವ ಮನುಷ್ಯ. "ಡಾಕ್ಟರ ಅಕ್ಷರ ಓದೋಕೆ ಬರೋದು ದೇವರಿಗೆ, ಬಿಟ್ರೆ ನನಗೆ. ದೇವರು ರಜದಲ್ಲಿದ್ದಾನೆ, ನನ್ನನ್ನೇ ಕೇಳಿ" ಎಂದು ಗಿರಾಕಿಗಳನ್ನು ನಗಿಸುತ್ತಿದ್ದವನು. ಆವತ್ತು ಮಾತ್ರ ಅವನ ಮುಖ ಸುಣ್ಣದಂತಾಯಿತು. ಅವನ ಹೆಂಡತಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಅದು ಯಜಮಾನರಿಗೂ ಗೊತ್ತಿತ್ತು.

"ನಾನು ಮುಟ್ಟಿಲ್ಲ. ಅವಳಿಗೆ ಬೇಕಾದ್ದನ್ನ ಕೊಂಡೇ ಒಯ್ದಿದ್ದೀನಿ."

"ಹಾಗಾದ್ರೆ ಮಾತ್ರೆಗೇನು ಕಾಲು ಬಂತಾ? ಇಷ್ಟು ವರ್ಷದ ಋಣ ಅಂತ ಪೊಲೀಸರಿಗೆ ಹೇಳ್ತಿಲ್ಲ. ಬೀಗದ ಕೈ ಇಟ್ಟು ಹೋಗಿ."

ಕನ್ನಡಕದಣ್ಣ ಅವಳತ್ತ ತಿರುಗಿದ. "ತಂಗೀ, ನೀನಾದ್ರೂ ಹೇಳಮ್ಮ, ನಾನು ಅಂಥವನಾ?"

"ಅಲ್ಲ ಅಣ್ಣ" ಎಂದಳು ಅವಳು. ಆದರೆ ಆ ಮಾತು ತುಟಿಯಿಂದಾಚೆ ಹೋಯಿತೋ ಇಲ್ಲವೋ ಅವಳಿಗೇ ಗೊತ್ತಾಗಲಿಲ್ಲ. ಏಕೆಂದರೆ ಅದೇ ಗಳಿಗೆಯಲ್ಲಿ ಅವಳಿಗೆ ಮಗಳ ನೆನಪಾಗಿತ್ತು.

ಮಗಳಿಗೆ ಹದಿನೇಳು. ಮನೆಯಲ್ಲಿ ಅವಳನ್ನು ಕರೆಯುತ್ತಿದ್ದದ್ದು ಗುಬ್ಬಿ ಎಂದು. ಹಿಂದೆಲ್ಲ ಮನೆಯೊಳಗೆ ಅವಳದೇ ಚಿಲಿಪಿಲಿ. ಈಜುಕೊಳದಲ್ಲಿ ಮೀನಿನ ಹಾಗೆ ಆಡುತ್ತಿದ್ದ ಹುಡುಗಿ ಭುಜ ಉಳುಕಿಸಿಕೊಂಡಳು. ಆಗ ಡಾಕ್ಟರು ಕೊಟ್ಟಿದ್ದ ಮಾತ್ರೆ ಒಂದು ವಾರದ್ದು. ಭುಜ ವಾಸಿಯಾಯಿತು, ಗುಬ್ಬಿ ಮಾತ್ರ ಕೊಳಕ್ಕೆ ಮರಳಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಮಲಗುವುದು, ಕರೆದರೆ ರೇಗಿ ಮೈಮೇಲೆ ಎಗರುವುದು, ಹಳೆಯ ಗೆಳತಿಯರು ಫೋನ್ ಮಾಡಿದರೆ "ಇಲ್ಲ ಅಂತ ಹೇಳು" ಎನ್ನುವುದು. ಗಂಡ ಲಿಫ್ಟ್ ರಿಪೇರಿ ಮಾಡುವವನು. ತಾಯಿ ಇದನ್ನು ಹೇಳಿದಾಗಲೆಲ್ಲ, "ವಯಸ್ಸು ಕಣೇ. ಆ ವಯಸ್ಸಲ್ಲಿ ನಮ್ಮ ತಲೆಯೇನು ನೆಟ್ಟಗಿತ್ತಾ?" ಎಂದು ಮಗ್ಗುಲಾಗುತ್ತಿದ್ದ. ಇತ್ತೀಚೆಗೆ ಮಗಳು ತಾನಾಗಿಯೇ ಸಂಜೆ ಅಂಗಡಿಗೆ ಬಂದು ಅಮ್ಮನ ಜೊತೆ ಕೂರತೊಡಗಿದ್ದಳು, ಪೆಟ್ಟಿಗೆಗಳನ್ನು ಜೋಡಿಸಿಕೊಡುತ್ತಿದ್ದಳು. ದಾರಿಗೆ ಬಂದಳಲ್ಲ ಎಂದು ತಾಯಿಯ ಜೀವ ತಂಪಾಗಿತ್ತು. ತಾಯಿಯ ಚೀಲ, ಬೀಗದ ಕೈ ಸಮೇತ, ಆ ಹಿಂದಿನ ಕೋಣೆಯ ಮೊಳೆಗೇ ನೇತಾಡುತ್ತಿತ್ತು.

ಆ ಭಾನುವಾರ ಬಟ್ಟೆ ಒಗೆಯುವ ಮೆಷಿನ್ನು ನೀರು ಬಿಡದೆ ಗುರ್ ಎನ್ನುತ್ತ ನಿಂತಿತು. ಅವಳು ಕೆಳಗಿನ ಜಾಲರಿ ತಿರುಗಿಸಿ ಹೊರಗೆಳೆದಳು. ನೂಲು, ಕೂದಲುಗಳ ನಡುವೆ ಬೆಳ್ಳಿಬಣ್ಣದ ಹಾಳೆಯ ಚೂರುಗಳು ಮುದ್ದೆಯಾಗಿದ್ದವು. ಬೆರಳಲ್ಲಿ ಬಿಡಿಸಿದಳು. ಕಪಾಟಿನ ನೋವಿನ ಮಾತ್ರೆಗಳ ಹಿಂಬದಿಯ ಆ ನೀಲಿ ಗೆರೆ ಅವಳಿಗೆ ತನ್ನ ಅಂಗೈ ರೇಖೆಯಷ್ಟೇ ಪರಿಚಯ. ಒದ್ದೆ ಚೂರುಗಳನ್ನು ಅಂಗೈಯಲ್ಲಿ ಹಿಡಿದು ಮಗಳ ಕೋಣೆಗೆ ನಡೆದಳು.

ಗುಬ್ಬಿ ಮೊದಲು ಇಲ್ಲ ಎಂದಳು. ಆಮೇಲೆ ಗೆಳತಿಯದು ಎಂದಳು. ಕೊನೆಗೆ ಗೋಡೆ ಕಡೆ ಮುಖ ಮಾಡಿದಳು.

"ಹೌದು, ತಗೋತೀನಿ. ಏನೀಗ?"

"ಯಾಕೆ ಮಗಳೇ? ನಿನಗೇನು ಕಡಿಮೆ ಮಾಡಿದ್ವಿ?"

"ನೀವೇನೂ ಕಡಿಮೆ ಮಾಡಿಲ್ಲ. ತಲೆಯೊಳಗೆ ಯಾವಾಗ್ಲೂ ಯಾರೋ ಬಾಗಿಲು ಬಡಿದ ಹಾಗೆ ಆಗುತ್ತೆ ಅಮ್ಮಾ. ಅದು ತಗೊಂಡ್ರೆ ನಿಲ್ಲುತ್ತೆ. ಅಷ್ಟೇ."

"ನಿನ್ನಿಂದ ಆ ಅಣ್ಣನ ಕೆಲಸ ಹೋಯ್ತು ಕಣೇ!"

ಗುಬ್ಬಿ ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡಳು.

ಗಂಡನಿಗೆ ಹೇಳಿದಾಗ ಅವನು ತಲೆಯ ಮೇಲೆ ಕೈ ಹೊತ್ತು ಕೂತ. "ಮನೆ ಮಾತು ಬೀದಿಗೆ ಬೀಳಬಾರದು. ಹುಡುಗಿ ಜೀವನದ ಪ್ರಶ್ನೆ" ಎಂದ.

"ಆ ಅಣ್ಣನ ಗತಿ?"

"ಕಸುಬು ಗೊತ್ತಿರೋ ಮನುಷ್ಯ, ಇನ್ನೊಂದು ಅಂಗಡಿ ಸಿಗುತ್ತೆ. ಇವಳಿಗೆ ಇನ್ನೊಂದು ಹೆಸರು ಸಿಗುತ್ತಾ?"

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು ಅವಳಿಗೆ. ನುಂಗಲೂ ಆಗದು, ಉಗುಳಲೂ ಆಗದು. ಅವಳು ನುಂಗಿದಳು. ಬೀಗದ ಕೈಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು. ಮಗಳನ್ನು ಅಂಗಡಿಗೆ ಬರಬೇಡ ಎಂದಳು.

ಮಾತ್ರೆ ನಿಂತ ಮೇಲೆ ಗುಬ್ಬಿಯ ಮೈಗೆ ಏನೇನು ಆಯಿತೆಂಬುದನ್ನು ಯಾವ ತಾಯಿಯೂ ನೋಡಬಾರದು. ಬೆವರಿನಲ್ಲಿ ಹಾಸಿಗೆ ತೊಯ್ದು ಹೋಗುತ್ತಿತ್ತು. ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಉರುಳಾಡುತ್ತಿದ್ದಳು. ಮೂಳೆಯೊಳಗೆ ಇರುವೆ ಹರಿದಾಡುತ್ತಿವೆ ಎಂದು ಅಳುತ್ತಿದ್ದಳು. ಆಸ್ಪತ್ರೆಗೆ ಕರೆದೊಯ್ಯೋಣ ಎಂದರೆ ಗಂಡ ಬಾಗಿಲಿಗೆ ಅಡ್ಡ ನಿಂತ. "ಎರಡು ದಿನ ತಡ್ಕೊ, ಇಳಿಯುತ್ತೆ."

ಮಗಳು ಅವಳ ಕಾಲು ಹಿಡಿದಳು. "ಅಮ್ಮಾ, ಒಂದೇ ಒಂದು. ನಿನ್ನ ಕಾಲಿಗೆ ಬೀಳ್ತೀನಿ."

ಮರುದಿನ ಮಧ್ಯಾಹ್ನ ಯಜಮಾನರು ಊಟಕ್ಕೆ ಹೋದಾಗ ಅವಳು ಕೊರಳಿನ ದಾರ ಎಳೆದು ಕಪಾಟು ತೆರೆದಳು. ಒಂದು ಸ್ಟ್ರಿಪ್ ತೆಗೆದು ಒಳಲಂಗದ ಜೇಬಿಗೆ ಸೇರಿಸಿದಳು. ಮನಸ್ಸಿನಲ್ಲಿ ಒಂದು ಲೆಕ್ಕಾಚಾರವೂ ಇತ್ತು: ಇವತ್ತು ಅರ್ಧ, ಬರಬರುತ್ತಾ ಕಾಲು, ಆಮೇಲೆ ಏನೂ ಇಲ್ಲ. ಅಂಗಡಿಯಲ್ಲಿ ಇಷ್ಟು ವರ್ಷ ನಿಂತವಳಿಗೆ ಇಷ್ಟು ತಿಳಿಯದೇ? ಬೇಲಿಯೇ ಎದ್ದು ಹೊಲ ಮೇಯಿತು ಎಂದು ಜನ ಆಡಿಕೊಳ್ಳುವುದು ಇಂಥವರನ್ನೇ ಎಂದು ಗೊತ್ತಿದ್ದೂ ಅವಳು ಕಪಾಟಿಗೆ ಬೀಗ ಹಾಕಿ ಕೌಂಟರಿಗೆ ಮರಳಿದಳು. ಸಂಜೆ ಚಾಕುವಿನಿಂದ ಮಾತ್ರೆ ತುಂಡು ಮಾಡಿ, ಅರ್ಧವನ್ನು ಮಗಳ ನಾಲಿಗೆಯ ಮೇಲಿಟ್ಟಳು.

ಗುಬ್ಬಿ ಶಾಂತಳಾದಳು. ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಚಿಕ್ಕಂದಿನ ಹಾಗೆ ಮಲಗಿದಳು. ತಾಯಿಗೆ ಎಲ್ಲಕ್ಕಿಂತ ನಾಚಿಕೆಯಾದದ್ದು, ಆ ಹೊತ್ತು ತನಗೂ ಸುಖವೆನಿಸಿತಲ್ಲ ಎಂದು.

ಅರ್ಧ ಕಾಲಾಗಲಿಲ್ಲ, ಇಡಿಯಾಯಿತು. ಒಂದು ಸ್ಟ್ರಿಪ್ ಮುಗಿದು ಇನ್ನೊಂದು ಬಂತು. ಈಗ ಕಪಾಟಿನ ಲೆಕ್ಕ ಬರೆಯುತ್ತಿದ್ದವಳು ಅವಳೇ, ಯಜಮಾನರಿಗೆ ಸುಳಿವು ಹತ್ತಲಿಲ್ಲ. ಇಬ್ಬರ ನಡುವೆ ಅದೊಂದು ಮಾತಿಲ್ಲದ ಒಪ್ಪಂದವಾಯಿತು. ಗಂಡನಂತೂ ಕಂಡೂ ಕಾಣದ ಹಾಗಿದ್ದ.

ಒಂದು ಶನಿವಾರ ತಾಯಿ ಅಂಗಡಿಯಿಂದ ಬಂದಾಗ ಗುಬ್ಬಿಯ ಕೋಣೆಯಲ್ಲಿ ಫ್ಯಾನು ಒಂದೇ ಸಮ ತಿರುಗುತ್ತಿತ್ತು. ಕರೆದರೆ ಉತ್ತರವಿಲ್ಲ. ತುಟಿ ನೀಲಿಗಟ್ಟಿತ್ತು. ಎದೆ ಏಳುವುದು ಕಾಣಬೇಕಾದರೆ ಕಾಯಬೇಕಿತ್ತು. ತಾಯಿ ಮಾತ್ರೆ ಬಚ್ಚಿಟ್ಟಿದ್ದ ಜಾಗವನ್ನು ಮಗಳು ಕಂಡುಹಿಡಿದಿದ್ದಳು. ಜೊತೆಗೆ ಹೊರಗಿನಿಂದ ತಂದ ಇನ್ನೇನೋ ಒಂದು, ಹೆಸರಿಲ್ಲದ ಪೊಟ್ಟಣದಲ್ಲಿ.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರೊಬ್ಬಳು ಓಡಿ ಬಂದಳು. "ಏನು ತಗೊಂಡಿದ್ದಾಳೆ? ಬೇಗ ಹೇಳಿ."

"ಏನಿಲ್ಲ ಡಾಕ್ಟ್ರೇ, ಊಟ ಸರಿಯಾಗಿ ಮಾಡ್ತಿರ್ಲಿಲ್ಲ. ಪರೀಕ್ಷೆ ಭಯ..." ಎಂದು ಗಂಡ ಶುರು ಮಾಡಿದ.

"ಸುಳ್ಳು" ಎಂದಳು ತಾಯಿ. ಮಾತ್ರೆಯ ಹೆಸರು ಹೇಳಿದಳು, ಎಷ್ಟು ತಿಂಗಳಿಂದ ಎಂದು ಹೇಳಿದಳು, ಪೊಟ್ಟಣವನ್ನು ಕೈಗಿಟ್ಟಳು. "ಮನೆಗೆ ತಂದವಳು ನಾನು. ಬಾಯಿಗೆ ಹಾಕಿದವಳೂ ನಾನೇ."

ಡಾಕ್ಟರು ಅವಳ ಮುಖವನ್ನು ಒಂದು ಕ್ಷಣ ನೋಡಿದಳು. ಬೈಯಲಿಲ್ಲ. ಸೂಜಿ ಹಿಡಿದು ಒಳಗೆ ಓಡಿದಳು. ಗಂಡ ಗೋಡೆಗೆ ಹಣೆ ಒತ್ತಿಕೊಂಡು ಮಕ್ಕಳ ಹಾಗೆ ಬಿಕ್ಕತೊಡಗಿದ.

ಗುಬ್ಬಿ ಉಳಿದಳು. ಇನ್ನರ್ಧ ಗಂಟೆ ತಡವಾಗಿದ್ದರೆ ಹೆಣ ಒಯ್ಯಬೇಕಿತ್ತು ಎಂದು ನರ್ಸಮ್ಮ ಮುಚ್ಚುಮರೆಯಿಲ್ಲದೆ ಹೇಳಿದಳು.

ಮಗಳು ಕಣ್ಣು ತೆರೆದ ಮರುದಿನ ಅವಳು ಕನ್ನಡಕದಣ್ಣನ ಮನೆಗೆ ಹೋದಳು. ಅವನು ಹೆಂಡತಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದ. ಬೇರೆ ಅಂಗಡಿ ಸಿಕ್ಕಿರಲಿಲ್ಲ. ಕಳ್ಳ ಎಂಬ ಮಾತು ಅವನಿಗಿಂತ ಮುಂಚೆಯೇ ಎಲ್ಲ ಅಂಗಡಿಗಳನ್ನೂ ತಲುಪಿತ್ತು. ಅವಳು ನಿಂತೇ ಎಲ್ಲವನ್ನೂ ಹೇಳಿದಳು. ಅವನು ಗಂಜಿಯ ಬಟ್ಟಲನ್ನು ಕೆಳಗಿಟ್ಟ.

"ನಿನಗೆ ಯಾವಾಗ ಗೊತ್ತಾಯ್ತು?"

"ನಿಮ್ಮನ್ನ ಕಳಿಸಿದ ವಾರವೇ."

"ಅಂದ್ರೆ ಇಷ್ಟು ದಿನ ನಾನು ಬೀದೀಲಿ ತಲೆ ತಗ್ಗಿಸಿ ಓಡಾಡಿದ್ದು ನೀನು ನೋಡ್ತಾ ಇದ್ದೆ."

"ಹೌದಣ್ಣ."

ಹಾಸಿಗೆಯಿಂದ ಅವನ ಹೆಂಡತಿ, "ಮಗು ಹೇಗಿದೆ?" ಎಂದು ಕೇಳಿದಳು. ಅವನು ಮಾತ್ರ, "ನನಗೆ ಹೇಳಿ ಏನು ಬಂತು? ಹೇಳಬೇಕಾದ ಕಡೆ ಹೇಳು" ಎಂದು ಬಾಗಿಲು ತೋರಿಸಿದ.

ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ಒಳಗೆ ಹೋಗೋಣ ಎಂದರು ಯಜಮಾನರು. ಅವಳು ಬೇಡವೆಂದಳು. ಅಣ್ಣನ ಮರ್ಯಾದೆ ಹೋದದ್ದು ನಾಲ್ಕು ಜನರ ಬಾಯಲ್ಲಿ, ತಿರುಗಿ ಬರಬೇಕಾದದ್ದೂ ಅಲ್ಲೇ. ಕೌಂಟರಿನ ಮುಂದೆ, ಗಿರಾಕಿಗಳ ಸಾಲಿನಲ್ಲೇ ನಿಂತು ಹೇಳಿದಳು. ಅವಳಿಂದ ಗುಳಿಗೆ ಒಯ್ಯುತ್ತಿದ್ದ ಅಜ್ಜಿಯೊಬ್ಬಳು ಬಾಯಿಗೆ ಸೆರಗಿಟ್ಟುಕೊಂಡಳು. ಯಜಮಾನರು ಪೊಲೀಸರಿಗೆ ಹೇಳಿದರು. ಠಾಣೆಯ ಬೆಂಚು, ಕೋರ್ಟಿನ ಕಾರಿಡಾರು, ಎಲ್ಲ ಆಯಿತು. ಶಿಕ್ಷೆ ಜೈಲಿನವರೆಗೆ ಹೋಗಲಿಲ್ಲ. ಔಷಧಿ ಅಂಗಡಿಯ ಮೆಟ್ಟಿಲು ಮಾತ್ರ ಮತ್ತೆ ಹತ್ತುವಂತಿರಲಿಲ್ಲ. ಕನ್ನಡಕದಣ್ಣನನ್ನು ಯಜಮಾನರು ತಾವೇ ಹೋಗಿ ಕರೆದು ತಂದರು. ಎದುರು ಸಿಕ್ಕರೆ ಅವನು ಇಂದಿಗೂ ರಸ್ತೆಯ ಆಚೆ ಬದಿಗೆ ಹೋಗುತ್ತಾನೆ. ಅವಳು ಅದನ್ನು ತಪ್ಪೆನ್ನುವುದಿಲ್ಲ.

ಅವಳಿಗೀಗ ಒಂದು ಶಾಲೆಯ ನೆಲ ಒರೆಸುವ ಕೆಲಸ.

ಗುಬ್ಬಿ ಚಟ ಬಿಡಿಸುವ ಕೇಂದ್ರದಲ್ಲಿ ಹಲವು ತಿಂಗಳಿದ್ದಳು. ಮೊದಮೊದಲು ಅಮ್ಮ ಬಂದರೆ ನೋಡಲು ಒಪ್ಪಲಿಲ್ಲ. ಅಪ್ಪ ಒಬ್ಬನೇ ಹೋಗಿ ಕೂತು, ಮಾತು ತೋಚದೆ, ಯಾವ ಕಟ್ಟಡದ ಲಿಫ್ಟು ಎಲ್ಲಿ ಸಿಕ್ಕಿಕೊಂಡಿತೆಂದು ಹೇಳಿ ಬರುತ್ತಿದ್ದ. ಮನೆಗೆ ಬಂದ ಮೇಲೆ ಒಮ್ಮೆ ಜಾರಿ ಮಾತ್ರೆ ಮುಟ್ಟಿದಳು, ಮತ್ತೆ ಅಲ್ಲಿಗೆ ಹೋಗಿ ಬಂದಳು. ವಾಸಿಯಾಯಿತು ಎಂದು ಯಾರೂ ಹೇಳಿಲ್ಲ. ಹೇಳಬಾರದೆಂದು ಅಲ್ಲಿಯವರೇ ಕಲಿಸಿದ್ದಾರೆ.

ಮೊನ್ನೆ ಮಧ್ಯಾಹ್ನ ತಾಯಿ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಗುಬ್ಬಿ ಬಾಗಿಲಲ್ಲಿ ಬಂದು ನಿಂತಳು. ಮುಖ ಬಿಳಿಚಿತ್ತು.

"ಅಮ್ಮಾ, ಇವತ್ತು ತುಂಬಾ ಬೇಕು ಅನ್ನಿಸ್ತಿದೆ. ನನ್ನನ್ನ ಹೊರಗೆ ಬಿಡಬೇಡ."

ಅವಳು ನಲ್ಲಿ ನಿಲ್ಲಿಸಿದಳು. ಕೊಡಲು ಅವಳ ಬಳಿ ಏನೂ ಇರಲಿಲ್ಲ. ಒದ್ದೆ ಕೈಯಲ್ಲೇ ಮಗಳ ಮಣಿಕಟ್ಟು ಹಿಡಿದು ನೆಲದ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು. ಗುಬ್ಬಿ ಹಲ್ಲು ಕಚ್ಚಿ ನಡುಗಿದಳು, ಅತ್ತಳು, ಅಮ್ಮನನ್ನೇ ಬಾಯಿಗೆ ಬಂದಂತೆ ಬೈದಳು. ತಾಯಿ ಹಿಡಿದ ಕೈ ಬಿಡಲಿಲ್ಲ. ಕಿಟಕಿಯ ಬಿಸಿಲು ಒಲೆಯ ಕಟ್ಟೆ ದಾಟಿ ಎದುರು ಗೋಡೆ ಹತ್ತುವಷ್ಟರಲ್ಲಿ ನಡುಕ ಕೊಂಚ ಇಳಿದಿತ್ತು.