ಸಾಹೇಬರಿಗೆ ಒಂದು ಟೀ

ಗಾಯಗೊಂಡು ಸೇನೆಯಿಂದ ಹೊರಬಂದವರ ಅರ್ಜಿ ತೆಗೆದುಕೊಳ್ಳುವ ಆ ಕಚೇರಿಯ ಗೋಡೆಗೆ ಅರ್ಧದವರೆಗೆ ಹಸಿರು ಬಣ್ಣ, ಅಲ್ಲಿಂದ ಮೇಲಕ್ಕೆ ಹಳದಿ. ಎರಡೂ ಕೂಡುವ ಕಡೆ, ಬೆಂಚಿನ ಮೇಲೆ ಕಾದು ಕಾದು ಒರಗಿದವರ ತಲೆಯ ಎಣ್ಣೆಯೇ ಉದ್ದಕ್ಕೂ ಒಂದು ಕರೀ ಪಟ್ಟಿ ಬಳಿದಿತ್ತು. ಅದನ್ನು ನೋಡಿದರೇ ಡ್ರೈವರಪ್ಪನವರಿಗೆ ಹೇಸಿಗೆ. ಬಸ್ಸು ಓಡಿಸುವುದನ್ನು ಬಿಟ್ಟು ವರ್ಷಗಳಾಗಿದ್ದರೂ ಬೀದಿಯವರ ಬಾಯಲ್ಲಿ ಅವರು ಡ್ರೈವರಪ್ಪನೇ. ಸ್ಟೀರಿಂಗ್ ಹಿಡಿದವರ ಹಾಗೆ ಬೆನ್ನು ನೆಟ್ಟಗೆ ಮಾಡಿ, ಗೋಡೆಗೆ ತಲೆ ತಾಗದಂತೆ ಕೂತಿದ್ದರು. ಪಕ್ಕದಲ್ಲಿ ಸೊಸೆ, ಅವಳ ಮಡಿಲಲ್ಲಿ ಕಾಗದಪತ್ರದ ಚೀಲ. ಅವಳ ಆಚೆ ಮಗ, ಕೋಣೆಯೊಳಗೂ ಕಪ್ಪು ಕನ್ನಡಕ ಹಾಕಿಕೊಂಡು. ಟ್ಯೂಬ್‌ಲೈಟಿನ ಬೆಳಕು ಅವನ ಕಣ್ಣಿಗೆ ಸೂಜಿಯ ಹಾಗೆ ಚುಚ್ಚುತ್ತಿತ್ತು.

"ಚೆನ್ನಾಗಿದೀರಾ ಯಜಮಾನ್ರೇ?" ಕಿವಿಯೊಳಗೆ ಪೆನ್ನಿನ ಮುಚ್ಚಳ ತಿರುಗಿಸುತ್ತಾ ಗುಮಾಸ್ತ ಕೇಳಿದ.

"ದೇವರ ದಯೆಯಿಂದ ಎಲ್ಲಾ ಚೆನ್ನಾಗಿದೀವಪ್ಪ," ಎಂದರು ಡ್ರೈವರಪ್ಪ, ಬಾಯಿಗೆ ರೂಢಿಯಾದಂತೆ.

"ಚೆನ್ನಾಗಿದ್ರೆ ಮತ್ತೆ ಇಲ್ಲಿಗ್ಯಾಕೆ ಬಂದ್ರಿ? ನಮ್ಮ ಮುಖ ನೋಡ್ಕೊಂಡು ಹೋಗೋಕಾ?" ಗುಮಾಸ್ತ ತನ್ನ ಮಾತಿಗೆ ತಾನೇ ನಕ್ಕು, ಮುಚ್ಚಳದ ತುದಿಗೆ ಬಂದದ್ದನ್ನು ಮೇಜಿನ ಅಂಚಿಗೆ ಒರೆಸಿ, ಅದೇ ಕೈಯಲ್ಲಿ ಅರ್ಜಿ ಈಸಿಕೊಂಡ. "ಎಲ್ಲಿ ಗಾಯ?"

"ತಲೇಲಿ ಸಾರ್," ಎಂದಳು ಸೊಸೆ.

"ಕಾಣ್ತಾ ಇಲ್ವಲ್ಲ?"

"ಒಳಗೆ."

"ಒಳಗಿರೋದಕ್ಕೆ ನಮ್ಮಲ್ಲಿ ಕಾಲಂ ಇಲ್ಲಮ್ಮ. ಕೈ ಹೋಗಿದ್ರೆ ಕೈ, ಕಾಲು ಹೋಗಿದ್ರೆ ಕಾಲು, ಕಣ್ಣು ಹೋಗಿದ್ರೆ ಕಣ್ಣು. ಇರ್ಲಿ, 'ಇತರೆ' ಅಂತ ಬರೀತೀನಿ."

ಹೀಗೆ ಡ್ರೈವರಪ್ಪನವರ ಒಬ್ಬನೇ ಮಗನ ತಲೆ ಸರಕಾರದ ಲೆಕ್ಕದಲ್ಲಿ 'ಇತರೆ' ಆಯಿತು.

ಆ ತಲೆಗೆ ಆದದ್ದು ಇಷ್ಟು. ಅವನಿದ್ದ ವಾಹನದ ಕೆಳಗೆ ರಸ್ತೆಯಲ್ಲಿ ಹೂತಿಟ್ಟಿದ್ದ ಬಾಂಬು ಸಿಡಿದಿತ್ತು. ಮುಂದೆ ಕೂತಿದ್ದವರು ಹೋದರು. ಹಿಂದೆ ಕೂತಿದ್ದ ಇವನು ತಾನಾಗಿಯೇ ಬಾಗಿಲು ಒದ್ದು ಹೊರಗೆ ಬಂದ. ಮೈಮೇಲೆ ಒಂದು ಗೀರೂ ಇರಲಿಲ್ಲ. ಅಧಿಕಾರಿ ಓಡಿ ಬಂದು "ನೀನು ಹೇಗಿದ್ದೀಯ?" ಎಂದು ಕೇಳಿದಾಗ ಹಿಮ್ಮಡಿ ಜೋಡಿಸಿ, "ಚೆನ್ನಾಗಿದ್ದೀನಿ ಸಾರ್," ಎಂದಿದ್ದ. ಮನೆಯಲ್ಲಿ ಕಲಿತ ಮಾತೂ ಅದೇ, ಸೇನೆಯಲ್ಲಿ ಕಲಿತ ಮಾತೂ ಅದೇ. ಅಧಿಕಾರಿ ಹಾಗೆಯೇ ಬರೆದುಕೊಂಡ. ಊರಿಗೆ ಬಂದ ಮೇಲೆ ಒಬ್ಬ ವೈದ್ಯೆ ಬಿಡಿಸಿ ಹೇಳಿದಳು: ಒಣಗಿದ ತೆಂಗಿನಕಾಯಿಯನ್ನು ಅಲುಗಿಸಿದರೆ ಚಿಪ್ಪಿಗೆ ಏನೂ ಆಗಿರುವುದಿಲ್ಲ, ಒಳಗೆ ಕೊಬ್ಬರಿ ಮಾತ್ರ ಗಡಗಡ ಅನ್ನುತ್ತದಲ್ಲ, ಇದೂ ಹಾಗೆಯೇ. ಇಂಥವರಿಗೆ ಮೊದಲಿನಿಂದ ಎಲ್ಲವನ್ನೂ ಕಲಿಸುವ ಒಂದು ವಾರ್ಡು ಸೇನೆಯ ಆಸ್ಪತ್ರೆಯಲ್ಲಿದೆ, ತಡಮಾಡಿದಷ್ಟೂ ಕಲಿಯುವುದು ಕಷ್ಟ, ಎಂದೂ ಹೇಳಿದಳು. ಆದರೆ ಇದು ಸೇವೆಯಲ್ಲಿ ಆದ ಪೆಟ್ಟು ಎಂದು ವೈದ್ಯಕೀಯ ಮಂಡಳಿ ಬರೆದುಕೊಟ್ಟರೆ ಮಾತ್ರ ಆ ವಾರ್ಡಿನ ಬಾಗಿಲು ತೆರೆಯುವುದು.

ಮಂಡಳಿಯೆಂದರೆ ಮೂವರು. ನಡುವೆ ಸಮವಸ್ತ್ರದ ಕರ್ನಲ್ ಡಾಕ್ಟರು. ಎಡಕ್ಕೆ ಮೂಳೆ ಡಾಕ್ಟರು, ಅವರು ಬಿಸ್ಕತ್ತು ತಿನ್ನುತ್ತಿದ್ದರು. ಬಲಕ್ಕೆ ತಲೆಯೆತ್ತದೆ ಬರೆದುಕೊಳ್ಳುವ ಒಬ್ಬ ಅಧಿಕಾರಿ.

"ಏನಪ್ಪಾ ಸಿಪಾಯಿ, ಹೇಗಿದ್ದೀಯ?" ಎಂದರು ಕರ್ನಲ್.

ಅಷ್ಟೇ ಸಾಕಾಯಿತು. ಬೆಳಗಿನಿಂದ ತಲೆ ಹಿಡಿದುಕೊಂಡು ಕೂತಿದ್ದ ಮಗ ದಡಕ್ಕನೆ ಎದ್ದ. ಕನ್ನಡಕ ತೆಗೆದ. ಎದೆ ಮುಂದಕ್ಕೆ ಬಂತು, ಹಿಮ್ಮಡಿಗಳು ಟಪ್ಪೆಂದು ಕೂಡಿದವು.

"ಚೆನ್ನಾಗಿದ್ದೀನಿ, ಸಾರ್!"

ಸೊಸೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. "ಸಾರ್, ಅವರು ಹಾಗೇ ಹೇಳೋದು. ಮನೆಯಿಂದ ಎರಡು ಬೀದಿ ಆಚೆ ಹೋದ್ರೆ ದಾರಿ ತಿಳಿಯಲ್ಲ. ಮಾತಾಡ್ತಾ ಮಾತಾಡ್ತಾ ಪದಾನೇ ಸಿಗಲ್ಲ..."

"ಅವನನ್ನ ಕೇಳಿದ್ದೀನಮ್ಮ, ನಿಮ್ಮನ್ನಲ್ಲ," ಎಂದರು ಕರ್ನಲ್. ಮೂಳೆ ಡಾಕ್ಟರು ಮೀಸೆಗೆ ಅಂಟಿದ ಬಿಸ್ಕತ್ತಿನ ಪುಡಿ ಒರೆಸಿಕೊಂಡು, "ಗಟ್ಟಿಮುಟ್ಟಾಗಿದ್ದಾನೆ," ಎಂದರು, ಸಂತೆಯಲ್ಲಿ ಎತ್ತಿನ ಬೆನ್ನು ತಟ್ಟುವವರ ಹಾಗೆ.

ತೀರ್ಮಾನ ಅಂಚೆಯಲ್ಲಿ ಬಂತು. ತಾನು ಚೆನ್ನಾಗಿರುವುದಾಗಿ ಅರ್ಜಿದಾರನೇ ಸ್ಪಷ್ಟವಾಗಿ ತಿಳಿಸಿರುತ್ತಾನೆ, ತಲೆನೋವಿಗೆ ಕೌಟುಂಬಿಕ ಕಾರಣಗಳಿರಬಹುದು, ಅರ್ಜಿ ವಜಾ.

ಸೊಸೆ ಅದನ್ನು ಗಟ್ಟಿಯಾಗಿ ಓದಿ, ಮಡಿಸಿ, "ಕೌಟುಂಬಿಕ ಕಾರಣ ಅಂದ್ರೆ ನಾನು ಮಾವಾ. ಸರಕಾರದ ಪ್ರಕಾರ ನಿಮ್ಮ ಮಗನ ತಲೆನೋವು ನಾನೇ," ಎಂದಳು. ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅವಳು ಆ ಕಾಗದವನ್ನು ಚೀಲದ ತಳಕ್ಕೆ ತುರುಕಿದಳು.

ಮೇಲ್ಮನವಿಗೆ ಒಂದೇ ಒಂದು ಅವಕಾಶ. ಅದೂ ಬಿದ್ದುಹೋದರೆ ಮುಗಿಯಿತು. ಕಚೇರಿಯ ಗೇಟಿನ ಹೊರಗೆ ಕೊಡೆಯ ಕೆಳಗೆ ಅರ್ಜಿ ಬರೆದುಕೊಡುತ್ತಿದ್ದವನ ಬಳಿ ಹೋದರು. ಕಾನೂನಿನ ಒಂದು ಪುಟವನ್ನೂ ಓದದಿದ್ದರೂ ಅವನನ್ನು ಎಲ್ಲರೂ ವಕೀಲಪ್ಪ ಎನ್ನುತ್ತಿದ್ದರು. ಅವನು ಮಗನನ್ನು ಮೇಲಿಂದ ಕೆಳಗೆ ನೋಡಿ ನಾಲಗೆ ಲೊಚಗುಟ್ಟಿದ.

"ಗಡ್ಡ ನುಣ್ಣಗೆ, ಶರ್ಟು ಇಸ್ತ್ರಿ! ಹೀಗೆ ಮದುವೆ ಗಂಡಿನ ತರ ಕರ್ಕೊಂಡು ಹೋದ್ರೆ ಯಾರು ಯಜಮಾನ್ರೇ ಕೊಡ್ತಾರೆ? ಸ್ನಾನ ಬಿಡ್ಸಿ. ವಾಸನೆ ಹೊಡೀಬೇಕು. ಬಾಗಿಲಲ್ಲಿ ಒಂದ್ಸಲ ಮುಗ್ಗರಿಸ್ಲಿ. ಬಾಯಲ್ಲಿ ಜೊಲ್ಲು ಬರೋದಕ್ಕೆ ಒಂದು ಉಪಾಯ ಇದೆ, ನಾಲಗೆ ಕೆಳಗೆ ಒಂದು ಚೂರು ಸೋಪು..."

"ಥೂ!" ಎಂದರು ಡ್ರೈವರಪ್ಪ.

"ಥೂ ಅಂದ್ರೆ ಸೋಪು ಹೋಗುತ್ತೆ. ಒತ್ತಿ ಹಿಡ್ಕೋಬೇಕು."

ಡ್ರೈವರಪ್ಪ ಅರ್ಜಿಯನ್ನು ಅವನ ಕೈಯಿಂದ ಕಿತ್ತುಕೊಂಡು ಹೊರಟುಬಿಟ್ಟರು. ನೋವು ಇಲ್ಲದವರು ನೋವನ್ನು ನಟಿಸಿ ಇಲ್ಲಿ ಗೆದ್ದು ಹೋಗಿದ್ದಾರೆ, ಅವರನ್ನು ನೋಡಿ ನೋಡಿ ಕಚೇರಿಯವರಿಗೆ ನಿಜವಾದ ನೋವಿನ ಮುಖವೇ ಮರೆತುಹೋಗಿದೆ ಎಂದು ಅವರಿಗೆ ಅನ್ನಿಸಿತು. ಎರಡು ಬಗೆಯವರ ಮೇಲೂ ಒಂದೇ ಹೇಸಿಗೆ ಹುಟ್ಟಿತು. ತಮ್ಮ ಹೆಂಡತಿ ಇದನ್ನೆಲ್ಲ ನೋಡುವ ಮೊದಲೇ ಕಣ್ಣು ಮುಚ್ಚಿದ್ದಳು, ಅದು ದೇವರ ಕರುಣೆಯೆಂದು ಅವರು ಎಷ್ಟೋ ಸಲ ಅಂದುಕೊಂಡಿದ್ದರು. ಆ ಸಂಜೆ ಪ್ರಾರ್ಥನೆಗೆ ಕೂತಾಗ ಮಾತ್ರ, ಕರುಣೆಯೂ ಆ ಕಚೇರಿಯ ಹಾಗೆ ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ವಜಾ ಮಾಡುತ್ತದೆಯೇ ಎಂಬ ಪ್ರಶ್ನೆ ಬಂತು. ಬಂದದ್ದಕ್ಕೆ ಕೆನ್ನೆ ಕೆನ್ನೆ ಬಡಿದುಕೊಂಡು ಎದ್ದರು.

ಮಗ ಎಲ್ಲವನ್ನೂ ಕೇಳಿಸಿಕೊಂಡಿದ್ದ. "ಅಪ್ಪಾ, ನಾನು ಹುಚ್ಚನ ತರ ಆಡ್ಬೇಕಾ?" ಎಂದು ಕೇಳಿದ.

"ಬೇಡ ಮಗಾ. ನಿಂಗೆ ಆಗ್ತಿರೋದನ್ನ ಹೇಳಿದ್ರೆ ಸಾಕು."

"ಹೇಳ್ತೀನಪ್ಪ. ಅಲ್ಲಿ ಹೋದ್ರೆ ಅದು... ಅದು..." ಪದ ಸಿಗಲಿಲ್ಲ. ಕೈಯನ್ನು ಗಾಳಿಯಲ್ಲಿ ಎರಡು ಸಲ ತಿರುಗಿಸಿದ. ನಾಚಿಕೆಯಿಂದ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ.

ಸೊಸೆ ಅವನಿಗೆ ಪಾಠ ಹೇಳಿಕೊಟ್ಟಳು. "ಹೇಗಿದ್ದೀಯ ಅಂತ ಕೇಳ್ತಾರೆ. ಆಗ ಏನು ಹೇಳ್ತೀರಿ?" "ಚೆನ್ನಾಗಿಲ್ಲ ಸಾರ್." "ಇನ್ನೊಂದ್ಸಲ." "ಚೆನ್ನಾಗಿಲ್ಲ ಸಾರ್." ಅಡುಗೆಮನೆಯಲ್ಲಿ, ಬಸ್ ಸ್ಟಾಪಿನಲ್ಲಿ, ಕಚೇರಿಯ ಮೆಟ್ಟಿಲ ಮೇಲೆ ಅದೇ ಪಾಠ. ಎಲ್ಲ ಕಡೆಯೂ ಸರಿಯಾಗಿ ಒಪ್ಪಿಸಿದ.

ಎರಡನೆಯ ಸಲವೂ ಅದೇ ಕೋಣೆ, ಅದೇ ಮೂವರು. ಗೋಡೆಯ ಬದಿಗೆ ಒಂದು ಪುಟ್ಟ ಮೇಜಿನ ಮೇಲೆ ಮಂಡಳಿಯವರಿಗಾಗಿ ಟೀ ಸಾಮಾನು ಇಟ್ಟಿತ್ತು: ಕರೆಂಟಿನ ಕೆಟಲ್, ನೀರಿನ ಜಗ್ಗು, ಟೀ ಪುಡಿ, ಸಕ್ಕರೆ ಡಬ್ಬಿ, ಹಾಲು. ಸಕ್ಕರೆ ಡಬ್ಬಿಗೆ ನೊಣ ಮುತ್ತಿತ್ತು.

"ಮತ್ತೆ ಬಂದ್ಯಾ? ಹೇಗಿದ್ದೀಯ?" ಎಂದರು ಕರ್ನಲ್.

"ಚೆನ್ನಾಗಿದ್ದೀನಿ, ಸಾರ್!"

ಹೇಳಿದ ಮೇಲೆ ಮಗನಿಗೇ ಗೊತ್ತಾಯಿತು. ಕತ್ತಿನ ನರ ಎದ್ದು ನಿಂತಿತು. ಆದರೆ ನೆಟ್ಟಗಾದ ಮೈ ಬಗ್ಗಲಿಲ್ಲ. ಬರೆದುಕೊಳ್ಳುವ ಅಧಿಕಾರಿ ಆಗಲೇ ಬರೆಯತೊಡಗಿದ್ದ. ಅವನ ಪೆನ್ನಿನ ತುದಿ ಓಡುವುದನ್ನೇ ಡ್ರೈವರಪ್ಪ ನೋಡಿದರು. ಆ ಸಾಲು ಮುಗಿದರೆ ವಾರ್ಡಿನ ಬಾಗಿಲೂ ಮುಚ್ಚಿತು.

ಅವರ ಕಣ್ಣು ಕೆಟಲ್ ಮೇಲೆ ಹೋಯಿತು.

ಮಗನ ಒಂದು ಗುಟ್ಟು ಅವರಿಗೊಬ್ಬರಿಗೇ ಗೊತ್ತಿತ್ತು. ಒಂದು ಬೆಳಗ್ಗೆ ಸೊಸೆ ಹೊರಗೆ ಹೋಗಿದ್ದಾಗ ಅವನು ಅಪ್ಪನಿಗೆಂದು ಟೀ ಮಾಡಲು ಹೋಗಿದ್ದ. ಬಂದೂಕನ್ನು ಕಣ್ಣು ಕಟ್ಟಿಕೊಂಡು ಬಿಚ್ಚಿ ಜೋಡಿಸಬಲ್ಲವನಿಗೆ ಮೊದಲು ನೀರೋ, ಪುಡಿಯೋ, ಬೆಂಕಿಯೋ ತಿಳಿಯದೆ ಒಲೆಯ ಮುಂದೆ ಕುಸಿದು ಕೂತಿದ್ದ. "ಅವಳಿಗೂ ಹೇಳ್ಬೇಡಪ್ಪ," ಎಂದು ಕಾಲು ಹಿಡಿದಿದ್ದ. ಹೇಳುವುದಿಲ್ಲವೆಂದು ಇವರು ಅವನ ತಲೆ ಮುಟ್ಟಿದ್ದರು.

ಈಗ ಡ್ರೈವರಪ್ಪ ಎದ್ದು ನಿಂತರು. ದನಿ ತಮ್ಮದಲ್ಲವೆಂಬಂತೆ ಗಟ್ಟಿಯಾಗಿ ಬಂತು.

"ಮಗಾ, ಸಾಹೇಬರಿಗೆ ಒಂದು ಟೀ ಮಾಡಿಕೊಡು."

ಮಗ ತಿರುಗಿ ನೋಡಿದ. ಆ ನೋಟವನ್ನು ಡ್ರೈವರಪ್ಪ ತಡೆದುಕೊಳ್ಳಲಾರದೆ ಕರ್ನಲ್ ಕಡೆ ಕೈಮುಗಿದರು. "ಅಪ್ಪಣೆ ಕೊಡಿ ಸಾರ್. ಒಂದೇ ಒಂದು ಟೀ."

ಕರ್ನಲ್‌ಗೆ ತಮಾಷೆ ಅನ್ನಿಸಿರಬೇಕು. "ಆಗ್ಲಿ, ಮಾಡಪ್ಪಾ," ಎಂದರು.

"ಆಗ್ಲಿ ಸಾರ್!" ಅಪ್ಪಣೆಯಾಗಿತ್ತು, ಮಗ ನಡೆದ.

ನೀರಿಲ್ಲದ ಕೆಟಲ್‌ನ ಸ್ವಿಚ್ ಒತ್ತಿದ. ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದ, ಮುಚ್ಚಿದ, ತೆಗೆದ. ಕಪ್ಪಿಗೆ ಪುಡಿ ಹಾಕಿದ, ಅದರ ಮೇಲೆ ತಣ್ಣನೆ ಹಾಲು. ಒಂದು ಕ್ಷಣ ನಿಂತು ಯೋಚಿಸಿ, ಜಗ್ಗಿನ ನೀರನ್ನು ನಿಧಾನವಾಗಿ, ಒಂದು ಹನಿಯೂ ಆಚೆ ಬೀಳದಂತೆ, ಸಕ್ಕರೆ ಡಬ್ಬಿಗೆ ಸುರಿದ. ನೊಣಗಳು ಎದ್ದವು. ಮೂಳೆ ಡಾಕ್ಟರು ಕಿಸಕ್ಕನೆ ನಕ್ಕರು. ಆಮೇಲೆ ನಗು ನಿಲ್ಲಿಸಿದರು. ಖಾಲಿ ಕೆಟಲ್ ಸುಟ್ಟ ವಾಸನೆ ಕೋಣೆಯ ತುಂಬ ಹಬ್ಬಿತು. ಮಗ ಕಾದ ಕೆಟಲ್‌ನ ಹೊಟ್ಟೆಗೇ ಅಂಗೈಯಿಟ್ಟು ಎತ್ತಿದ. ಕೈ ಸುಟ್ಟರೂ ಬಿಡಲಿಲ್ಲ. ಅಪ್ಪಣೆ ಇನ್ನೂ ಮುಗಿದಿರಲಿಲ್ಲ.

"ಬಿಡ್ರೀ!" ಎಂದು ಸೊಸೆ ಕಿರುಚಿಕೊಂಡು ಅದನ್ನು ಅವನ ಕೈಯಿಂದ ಬೀಳಿಸಿದಳು.

ಮಗನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಬೆನ್ನು ಮಾತ್ರ ಈಟಿಯ ಹಾಗೆ ನೆಟ್ಟಗೇ ಇತ್ತು. "ಮುಂದೆ ಏನು ಅಂತ ಹೇಳಿ ಸಾರ್," ಎಂದ. "ಹೇಳಿದ್ರೆ ಮಾಡ್ತೀನಿ."

ಕರ್ನಲ್ ಕೆಮ್ಮಿದರು. ಬರೆದುಕೊಳ್ಳುವ ಅಧಿಕಾರಿ ಮೊದಲ ಸಲ ತಲೆಯೆತ್ತಿ, ಬರೆದಿದ್ದ ಸಾಲನ್ನು ಹೊಡೆದುಹಾಕಿದ. "ಮೊದಲೇ ಹೀಗೆ ತೋರಿಸಿದ್ದಿದ್ರೆ ನಿಮಗೂ ಅಲೆದಾಟ ತಪ್ತಿತ್ತು," ಎಂದರು ಕರ್ನಲ್, ದೊಡ್ಡ ಮನಸ್ಸಿನಿಂದ. "ಇವತ್ತೇ ವಾರ್ಡಿಗೆ ಸೇರ್ಸಿ. ವರ್ಷಕ್ಕೊಂದ್ಸಲ ಕರ್ಕೊಂಡು ಬರ್ಬೇಕು. ಹಾಗೇ ಇದ್ದಾನೋ ಇಲ್ವೋ ನೋಡ್ಬೇಕಲ್ಲ."

ಹೊರಗೆ ಬಂದಾಗ ವಕೀಲಪ್ಪ ಕೊಡೆ ಬಿಟ್ಟು ಎದ್ದು ಬಂದ. ಕಚೇರಿಯ ಜವಾನನಿಂದ ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು.

"ಭೇಷ್ ಯಜಮಾನ್ರೇ! ಸೋಪು ಅಂದ್ರೆ ಥೂ ಅಂದ್ರಿ, ಮನೇಲಿ ಇಂಥ ಐಡಿಯಾ ಇಟ್ಕೊಂಡಿದ್ರಿ! ಎಷ್ಟು ಪ್ರಾಕ್ಟೀಸ್ ಮಾಡ್ಸಿದ್ರಿ? ಕೈ ಸುಟ್ಕೊಂಡಿದ್ದಂತೂ..."

ಅವನ ಮುಖಕ್ಕೆ ಉಗಿಯಲು ಡ್ರೈವರಪ್ಪನವರ ಬಾಯಲ್ಲಿ ಎಂಜಲಿರಲಿಲ್ಲ. ಅವನನ್ನು ದಾಟಿ ಮಗನನ್ನು ಅಂಗಳದ ನಲ್ಲಿಗೆ ಕರೆದುಕೊಂಡು ಹೋದರು. ಸೊಸೆ ಮುಲಾಮು ಹುಡುಕಿಕೊಂಡು ಔಷಧಿ ಅಂಗಡಿಗೆ ಓಡಿದಳು. ಸುಟ್ಟ ಅಂಗೈಯನ್ನು ನೀರಿನ ಕೆಳಗೆ ಹಿಡಿಯಲು ಹೋದಾಗ ಮಗ ಅವರ ಕೈಯನ್ನು ಮೆಲ್ಲಗೆ, ಆದರೆ ಗಟ್ಟಿಯಾಗಿ, ಸರಿಸಿದ.

"ನಾನೇ ಹಿಡ್ಕೋತೀನಿ." ನೀರು ಬೀಳುವುದನ್ನೇ ನೋಡುತ್ತಾ ಹೇಳಿದ, "ಯಾರಿಗೂ ಹೇಳಲ್ಲ ಅಂತ ನೀನು ಅಂದಿದ್ದೆ ಅಪ್ಪಾ."

"ಹೇಳ್ಲಿಲ್ಲ ಮಗಾ," ಎಂದರು ಡ್ರೈವರಪ್ಪ. "ತೋರಿಸ್ದೆ, ಅಷ್ಟೇ."

ಮಾತು ಬಾಯಿಂದ ಬಿದ್ದ ಕೂಡಲೇ ಅದು ಆ ಕೋಣೆಯೊಳಗಿನವರ ಮಾತಿನ ಹಾಗೆಯೇ ಕೇಳಿಸಿತು. ಅದೇ ಜಾರುವ ದನಿ, ಅದೇ ಚಾಲಾಕಿ. ಒಳಗಿನ ಹೇಸಿಗೆಯೆಲ್ಲ ಒಮ್ಮೆಗೇ ತಮ್ಮ ಮೈಮೇಲೆ ಸುರಿದಂತಾಗಿ ಅವರು ನಲ್ಲಿಯ ಕಟ್ಟೆ ಹಿಡಿದುಕೊಂಡರು. "ದೇವರೇ" ಎಂದು ಕರೆಯಲು ಹೋದರು. ಕರೆದು ಏನು ಕೇಳಬೇಕೆಂದು ಹೊಳೆಯಲಿಲ್ಲ.

ಮಗ ನಲ್ಲಿ ನಿಲ್ಲಿಸಿ, ಅವರಿಗೆ ಕಾಯದೆ ಗೇಟಿನ ಕಡೆ ಹೊರಟ. ರಸ್ತೆಗೆ ಬಂದವನು ಅಲ್ಲಿಯೇ ನಿಂತುಬಿಟ್ಟ. ಆಸ್ಪತ್ರೆ ಬಲಕ್ಕೋ ಎಡಕ್ಕೋ ಅವನಿಗೆ ಗೊತ್ತಿರಲಿಲ್ಲ. ಕೇಳಲೂ ಇಲ್ಲ, ತಿರುಗಿ ನೋಡಲೂ ಇಲ್ಲ. ಸುಟ್ಟ ಕೈಯನ್ನು ಎದೆಗೆ ಹಿಡಿದುಕೊಂಡು, ಓಡಾಡುವ ಬಸ್ಸುಗಳ ಮುಂದೆ ನೆಟ್ಟಗೆ ನಿಂತಿದ್ದ.

ಡ್ರೈವರಪ್ಪ ಕಾಗದಪತ್ರದ ಚೀಲ ಹೆಗಲಿಗೇರಿಸಿ ಅವನ ಪಕ್ಕಕ್ಕೆ ಬಂದರು. ಔಷಧಿ ಅಂಗಡಿಯಿಂದ ಸೊಸೆಯೂ ಬಂದು ಸೇರಿದಳು. ಡ್ರೈವರಪ್ಪ ಎಡಕ್ಕೆ, ಆಸ್ಪತ್ರೆಯ ಕಡೆಗೆ, ಹೆಜ್ಜೆ ಹಾಕಿದರು. ಸ್ವಲ್ಪ ಅಂತರ ಬಿಟ್ಟು ಮಗ ಹಿಂದೆ ಬಂದ.