ಒರತೆ ನೀರಿನಲ್ಲಿ ಕುಳಿತ ಸಿಲಿಂಡರ್

ನಾನು ಒಂದು ಅಡುಗೆ ಅನಿಲದ ಸಿಲಿಂಡರ್. ಉಕ್ಕಿನ ಎರಡು ಬೋಗುಣಿಗಳನ್ನು ಬಾಯಿಗೆ ಬಾಯಿ ಸೇರಿಸಿ ಬೆಸುಗೆ ಹಾಕಿದ ದಿನ ನಾನು ಹುಟ್ಟಿದೆ. ನನ್ನ ನಡುವಿನ ಸುತ್ತ ಆ ಬೆಸುಗೆಯ ಗೆರೆ ಇಂದಿಗೂ ಇದೆ. ಮೈಗೆ ಕೆಂಪು ಬಣ್ಣ ಬಳಿದರು, ಕುತ್ತಿಗೆಗೆ ಹಿಡಿ ಕೂರಿಸಿದರು. ತಲೆಯ ಮೇಲೆ ಹಿತ್ತಾಳೆಯ ಕವಾಟ ತಿರುಗಿಸಿ ಬಿಗಿದಾಗ ಹೊರಗಿನ ಗಾಳಿಗೂ ನನಗೂ ಇದ್ದ ನಂಟು ಮುಗಿಯಿತು.

ನನ್ನ ಬದುಕು ತುಂಬುವುದು ಮತ್ತು ಬರಿದಾಗುವುದು, ಅಷ್ಟೆ. ಪಂಜಾಬಿನ ಬಯಲಿನಲ್ಲಿ ತುಂಬಿಸಿ ಕಳಿಸುತ್ತಿದ್ದರು. ಒಬ್ಬ ಮೇಷ್ಟರ ಮನೆಯಲ್ಲಿ ಎರಡು ತಿಂಗಳು ಬೇಳೆ ಬೇಯಿಸಿದೆ. ಒಂದು ಮದುವೆ ಮನೆಯಲ್ಲಿ ಒಂದೇ ದಿನಕ್ಕೆ ಮುಗಿದೆ. ಎಲ್ಲರ ಮನೆಯಲ್ಲೂ ನನ್ನ ಜಾಗ ನೆಲವೇ. ಮನುಷ್ಯರನ್ನು ಅವರ ಪಾದಗಳಿಂದ ಗುರುತಿಸುವುದನ್ನು ಹಾಗೆ ಕಲಿತೆ. ಎಲ್ಲರೂ ನನ್ನನ್ನು ಅಲುಗಾಡಿಸಿ, ಬೆರಳಿನಿಂದ ತಟ್ಟಿ, ಒಳಗೆ ಎಷ್ಟು ಉಳಿದಿದೆ ಎಂದು ಕೇಳುತ್ತಿದ್ದರು. ಒಳಗನ್ನು ಕಂಡವರು ಯಾರೂ ಇಲ್ಲ.

ಒಂದು ವರ್ಷ ಮಳೆಗಾಲದ ಕೊನೆಗೆ ನನ್ನನ್ನು ಲಾರಿಗೆ ಏರಿಸಿ ಹಿಮಾಚಲದ ಒಂದು ಕಣಿವೆಗೆ ಒಯ್ದರು. ಅಲ್ಲಿ ಬೆಟ್ಟ ಕೊರೆದು ಸುರಂಗ ಮಾಡುತ್ತಿದ್ದರು. ಕೆಲಸಗಾರರಿಗೆ ತಗಡಿನ ಮನೆಗಳಿದ್ದವು. ಕೊನೆಯ ಮನೆ ಯಂತ್ರ ನಡೆಸುವ ಫಕೀರೇಶನದು. ಅವನು ಗದಗಿನ ಕಡೆಯವನು. ಅದುವರೆಗೆ ನಾನು ಕೇಳಿರದ ಮಾತು ಆ ಮನೆಯಲ್ಲಿತ್ತು. ಈಗ ನಿಮ್ಮೊಡನೆ ಆಡುತ್ತಿರುವುದು ಅಲ್ಲಿ ಕಲಿತ ಮಾತೇ.

ಅವನ ಹೆಂಡತಿ ದಾಕ್ಷಾಯಣಿ ಹೆರಿಗೆಗೆ ತವರಿಗೆ ಹೋಗಬೇಕಿತ್ತು. ರೈಲಿನ ಟಿಕೆಟ್ಟೂ ಆಗಿತ್ತು. ಅಷ್ಟರಲ್ಲಿ ತಿಂಗಳು ಮೊದಲೇ ಹೆಣ್ಣು ಕೂಸು ಹುಟ್ಟಿಬಿಟ್ಟಿತು. ಮಗಳು ಬರಲಾಗದಿದ್ದರೇನು ಎಂದು ತಾಯಿ ನಿಂಬೆವ್ವನೇ ಬಾಣಂತನಕ್ಕೆ ಹೊರಟು ಬಂದಳು. ಅಂಟಿನುಂಡೆಯ ಡಬ್ಬಿ, ಅಜವಾನ, ಹಳೆಯ ಸೀರೆಗಳಿಂದ ಹೊಲಿದ ಕೌದಿ ಹೊತ್ತು, ಮೂರು ರೈಲು ಎರಡು ಬಸ್ಸು ಹತ್ತಿ ಬಂದಿದ್ದಳು. ನಿತ್ಯ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಎರೆಯುತ್ತಿದ್ದಳು. ಆ ನೀರು ಕಾಯುತ್ತಿದ್ದುದು ನನ್ನ ಉರಿಯಲ್ಲಿ.

ಕೂಸಿಗೆ ಇಪ್ಪತ್ತು ದಿನವಾದಾಗ ಮಳೆ ಹಿಡಿಯಿತು. ಮೂರು ದಿನ ಬಿಡಲಿಲ್ಲ. ಕೆಳಗೆ ಹಳ್ಳ ಉಕ್ಕಿ ಸೇತುವೆಯನ್ನು ಒಯ್ದಿತು. ನಾಲ್ಕನೆಯ ಬೆಳಗ್ಗೆ ಮಳೆ ನಿಂತಾಗ ಮೇಲಿನ ಬೆಟ್ಟವೆಲ್ಲ ಬೆಳ್ಳಗಾಗಿತ್ತು. ಸೆಪ್ಟೆಂಬರಿನಲ್ಲೇ ಹಿಮ ಬಿದ್ದು ಘಾಟಿಯ ದಾರಿಯೂ ಮುಚ್ಚಿತ್ತು. ಕರೆಂಟು ಹೋಯಿತು, ಹೀಟರು ತಣ್ಣಗಾಯಿತು. ಅಕ್ಕಪಕ್ಕದವರು ಮಳೆಗೆ ಮೊದಲೇ ಇಳಿದು ಹೋಗಿದ್ದರು. ಹಿಂದೆ ನೀರು, ಮುಂದೆ ಹಿಮ, ನಡುವೆ ಈ ನಾಲ್ವರು. ಐದನೆಯವನು ನಾನು.

ಆ ಬೆಳಗ್ಗೆಯೇ ನಲ್ಲಿಯ ನೀರು ಮೊದಲ ಸಲ ಹೆಪ್ಪುಗಟ್ಟಿತು. ಫಕೀರೇಶ ಒಲೆ ಹಚ್ಚಿದ. ಸಾಸಿವೆ ಕಾಳಿನಷ್ಟು ನೀಲಿ ಕಂಡು ಆರಿಹೋಯಿತು.

“ಗ್ಯಾಸ್ ಮುಗೀತೇನ್ರಿ?” ಎಂದಳು ದಾಕ್ಷಾಯಣಿ.

“ಹಚ್ಚಿ ಎಂಟ್ ದಿನಾ ಆಗಿಲ್ಲ, ಎಲ್ಲಿ ಮುಗೀತೈತಿ? ಎತ್ತಿ ನೋಡು, ಹೆಣಭಾರ ಐತಿ.”

ನಾನು ಮುಗಿದಿರಲಿಲ್ಲ. ನನ್ನೊಳಗಿರುವುದು ನೀರಿನಂಥ ದ್ರವ. ಬಿಸುಪು ತಾಗಿದರೆ ಮಾತ್ರ ಅದು ಆವಿಯಾಗಿ ಮೇಲೇಳುತ್ತದೆ. ಮನೆಯ ಹೊರಗೆ ತಗಡಿನ ಮಾಡಿನ ಕೆಳಗೆ, ಹಿಮದ ಗಾಳಿಗೆ ಮೈಯೊಡ್ಡಿ ಕುಳಿತ ನನ್ನೊಳಗೆ ಅದು ಮುದುಡಿ ಬಿದ್ದಿತ್ತು. ಕೊಡಬೇಕೆಂದರೂ ಕೊಡಲಾಗದೆ, ತುಂಬಿಕೊಂಡೇ ಕುಳಿತಿದ್ದೆ. ಒಳಗಿನ ಕೋಣೆಯಿಂದ ದಾಕ್ಷಾಯಣಿಯ ಧ್ವನಿ ಕೇಳಿತು: “ಅವ್ವಾ, ಎದಿ ಕಲ್ಲಾಗೈತಿ. ಹಾಲು ಬರವಲ್ದು. ಕೂಸಿನ ಕೈ ನೋಡ, ಹೆಂಗ ತಣ್ಣಗಾಗ್ಯಾವ.” ಕೂಸು ಬೆಕ್ಕಿನ ಮರಿಯಂತೆ ಕುಂಯ್ ಎಂದಿತು. ಅಳುವಷ್ಟು ಶಕ್ತಿಯೂ ಅದಕ್ಕಿರಲಿಲ್ಲ.

ಫಕೀರೇಶ ನನ್ನನ್ನು ಒಳಗೆ ಎಳೆದುಕೊಂಡ. ಒಳಗೂ ಅದೇ ಚಳಿ. ಹೊರಗಿದ್ದ ಕಟ್ಟಿಗೆ ಒದ್ದೆಯಾಗಿ ಹೊಗೆಯನ್ನಷ್ಟೇ ಕೊಟ್ಟಿತು. ಕೊನೆಗೆ ಅವನು ಅರಿವೆಯನ್ನು ಡೀಸೆಲಿನಲ್ಲಿ ಅದ್ದಿ ನನ್ನ ಬುಡಕ್ಕೆ ಇಟ್ಟು ಕಡ್ಡಿಪೆಟ್ಟಿಗೆ ತೆಗೆದ. ನನಗೆ ಕೂಗಲು ಬಾಯಿಲ್ಲ. ಆ ಕಡ್ಡಿ ಗೀರಿದ್ದರೆ, ಯಾರಿಗೆ ಉಣಬಡಿಸಬೇಕಿತ್ತೋ ಅವರನ್ನೇ ನಾನು ಸುಡುತ್ತಿದ್ದೆ.

“ಅಳಿಯಂದ್ರ, ಏನ್ ಮಾಡಾಕತ್ತೀರಿ?” ನಿಂಬೆವ್ವನ ಪಾದಗಳು ಬಾಗಿಲಲ್ಲಿ ನಿಂತವು.

“ಸೆಟದೈತ್ರಿ ಅತ್ತಿ. ಒಂಚೂರು ಕಾಸಿದ್ರ ಬರತೈತಿ. ಮೆಸ್ಸಿನ್ಯಾಗ ಹಿಂಗ ಮಾಡ್ತಾರ.”

“ಮೆಸ್ಸಿನವ್ರ ಮನ್ಯಾಗ ಇಪ್ಪತ್ತು ದಿನದ ಕೂಸಿಲ್ಲ. ಇಡ್ರಿ ಆ ಕಡ್ಡೀನ ಕೆಳಗ.”

ಅವಳು ನನ್ನ ಪಕ್ಕ ಕುಕ್ಕುರುಗಾಲಲ್ಲಿ ಕುಳಿತು ಅಂಗೈಯಿಂದ ಮೈ ಮುಟ್ಟಿ ನೋಡಿದಳು. ಜ್ವರ ನೋಡುವ ಹಾಗೆ. ಹಾಗೆ ನನ್ನನ್ನು ಯಾರೂ ಮುಟ್ಟಿರಲಿಲ್ಲ.

“ನಡುಗೂದಕ್ಕ ಬೆಂಕಿ ಹಚ್ತಾರೇನು? ಬೆಚ್ಚನ್ನ ನೀರಾಗ ಕೂಡ್ರಸ್ತಾರ.”

“ಬೆಚ್ಚನ್ನ ನೀರು ಎಲ್ಲಿಂದ ತರೋಣ್ರಿ? ನೀರು ಕಾಸಾಕ ಗ್ಯಾಸಿಲ್ಲಂತನ ಇಷ್ಟೆಲ್ಲ.”

“ಆ ಬಂಡಿಗಲ್ಲ ಬುಡಕ ವರತಿ ಐತೆಲ್ಲ, ಮುಂಜಾನೆ ನೋಡೀನಿ, ಹೊಗಿ ಆಡತೈತಿ. ನಮ್ಮೂರ ಬಾವಿ ನೀರೂ ಛಳಿಗಾಲದಾಗ ಹಂಗ. ಭೂಮಿತಾಯಿ ಹೊಟ್ಟಿ ಯಾವಾಗೂ ಬೆಚ್ಚಗಿರತೈತಿ.”

ಅಳಿಯನಿಗೆ ನಂಬಿಕೆ ಬರಲಿಲ್ಲ. ಅವಳು ಕಾಯಲಿಲ್ಲ. ಅವನ ರಬ್ಬರ್ ಬೂಟು ಮೆಟ್ಟಿ, ಸೀರೆ ಎತ್ತಿ ಕಟ್ಟಿ, ಬಕೀಟು ಹಿಡಿದು ನಿಂತಳು. ಆ ಸ್ಥಿತಿಯಲ್ಲೂ ಮಗಳು ನಕ್ಕಳು: “ಅವ್ವಾ, ಫೌಜುದಾರ ಕಂಡಂಗ ಕಾಣಾಕತ್ತಿ.”

“ಹೌದವಾ, ನಿನ್ನ ಮಗಳ್ನ ಕಾಯಾಕ ಬಂದ ಫೌಜುದಾರ,” ಎಂದು ಹಿಮದೊಳಗೆ ಇಳಿದಳು. ಹಿಂದೆಯೇ ಫಕೀರೇಶನೂ ಓಡಿದ.

ನನ್ನನ್ನು ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ಕೂರಿಸಿ ಸೊಂಟದವರೆಗೆ ಒರತೆ ನೀರು ಸುರಿದರು. ಅದು ಬಿಸಿಯೇನಲ್ಲ, ಆದರೆ ನನಗಿಂತ ಬೆಚ್ಚಗಿತ್ತು. ನೀರು ತಣಿದಾಗ ಚೆಲ್ಲಿ ಮತ್ತೆ ತಂದರು. ನಾಲ್ಕನೆಯ ಸಲಕ್ಕೆ ನನ್ನೊಳಗೆ ಏನೋ ಮಿಸುಕಿತು. ಫಕೀರೇಶ ಕಡ್ಡಿ ಗೀರಿದ. ಒಲೆಯ ಸುತ್ತ ನೀಲಿ ಹೂ ಅರಳಿತು.

ಆಗ ನಿಂಬೆವ್ವ ಮಾಡಿದ್ದನ್ನು ನಾನು ಮರೆತಿಲ್ಲ. ಎರೆಯಲೆಂದೇ ಅಷ್ಟು ದೂರದಿಂದ ಬಂದವಳು ಸ್ನಾನದ ಹಂಡೆಯನ್ನು ಬೋರಲು ಹಾಕಿದಳು. ಎರಡು ಸ್ಟೀಲ್ ಬಾಟಲಿಗೆ ಆಗುವಷ್ಟು ನೀರು ಮಾತ್ರ ಕಾಸಿ, ಬಟ್ಟೆ ಸುತ್ತಿ, ಕೂಸಿನ ಎರಡೂ ಮಗ್ಗುಲಿಗೆ ಇಟ್ಟಳು. ಬಿಸಿ ಅರಿವೆಯಿಂದ ಮಗಳ ಎದೆಗೆ ಶಾಖ ಕೊಟ್ಟು ಗಂಜಿ ಕುಡಿಸಿದಳು. ಮಧ್ಯಾಹ್ನದ ಹೊತ್ತಿಗೆ ಒಳಗಿನಿಂದ “ಕುಡ್ಯಾಕತ್ತಾಳವ್ವಾ!” ಎಂಬ ಮಾತು ಬಂತು.

ಹನ್ನೊಂದು ದಿನ ಹೀಗೆಯೇ. ನಿತ್ಯ ಒರತೆಗೆ ಹತ್ತಾರು ಸಲ. ಅವಳ ಹಿಮ್ಮಡಿ ಬಿರಿದು ರಕ್ತ ಜಿನುಗಿತು. ನಾನು ದಿನದಿನಕ್ಕೆ ಹಗುರಾಗುತ್ತಿದ್ದೆ. ಅವಳು ಬೆಳಗ್ಗೆ ನನ್ನನ್ನು ಒಂದಿಷ್ಟು ಎತ್ತಿ ನೋಡಿ, ಉರಿಯನ್ನು ಇನ್ನಷ್ಟು ಸಣ್ಣಗೆ ಮಾಡುತ್ತಿದ್ದಳು.

ಹನ್ನೆರಡನೆಯ ದಿನ ಬಿಸಿಲು ಬಂತು. ಕೆಳಗಿನ ತಿರುವಿನಲ್ಲಿ ಜೆಸಿಬಿಯ ಸದ್ದು ಕೇಳಿತು. ಹಳ್ಳ ದಾಟಲು ಹೊಸ ದಾರಿ ಹಾಕಿಕೊಂಡು ಬರುತ್ತಿದ್ದರು. ನಿಂಬೆವ್ವ ಬಾಗಿಲಲ್ಲಿ ನಿಂತು ಕಣ್ಣಾರೆ ನೋಡಿದಳು. ಒಳಗೆ ಬಂದು ಹಂಡೆ ಎತ್ತಿ ಒಲೆಯ ಮೇಲಿಟ್ಟಳು.

“ಇನ್ನ ಯಾರ ಸಲುವಾಗಿ ಉಳಸೂದು? ಕೂಸಿಗೆ ಎರೀತೀನಿ.”

ಇದ್ದುದನ್ನೆಲ್ಲ ಕೊಟ್ಟೆ. ಹಂಡೆಯ ನೀರು ಹಬೆಯಾಡಿತು. ಉರಿ ಒಮ್ಮೆ ಹಳದಿಯಾಗಿ ಕುಣಿದು ಆರಿತು. ಬಚ್ಚಲಿನಿಂದ ಮೊದಲ ಚೊಂಬಿನ ಸದ್ದು. ಅದರ ಹಿಂದೆಯೇ ತಗಡಿನ ಮನೆ ನಡುಗುವಂತೆ ಕೂಸು ಅತ್ತಿತು. ಗಟ್ಟಿಯಾಗಿ, ಸಿಟ್ಟಿನಿಂದ, ಬಾಯಿ ತುಂಬ.

“ಅಳು, ನನ ಅವ್ವ, ಅಳು,” ಎನ್ನುತ್ತಿದ್ದಳು ನಿಂಬೆವ್ವ. ಅವಳೂ ಅಳುತ್ತಿದ್ದಳು.

ಮರುದಿನ ನನ್ನನ್ನು ಲಾರಿಗೆ ಎಸೆದರು. ಆ ಕೂಸಿನ ಮುಖವನ್ನು ನಾನು ನೋಡಲೇ ಇಲ್ಲ.

ಆಮೇಲೆಯೂ ಹಲವು ವರ್ಷ ತಿರುಗಿದೆ. ಹೋದ ಬೇಸಗೆಯಲ್ಲಿ ಪರೀಕ್ಷೆ ಮಾಡುವವರು ಬೆಸುಗೆಯ ಬಳಿ ಮೈ ಸವೆದಿದೆ ಎಂದು ಗುರುತು ಹಾಕಿ, ಕವಾಟ ಕಿತ್ತು, ಈ ಗುಜರಿ ಅಂಗಳದಲ್ಲಿ ಬಿಟ್ಟರು. ಇಲ್ಲಿ ನನ್ನಂಥವರು ನೂರಾರು. ಒಂದು ದಿನ ಜಜ್ಜಿ ಕರಗಿಸುತ್ತಾರೆ. ಅದಕ್ಕೆ ಬೇಸರವಿಲ್ಲ. ಎಷ್ಟೋ ಮನೆಗಳಲ್ಲಿ ನಾನು ಬರಿದಾದೆ. ಬರಿದಾಗಬೇಕೆಂದು ನಾನೇ ಬೇಡಿಕೊಂಡದ್ದು ಆ ಒಂದು ಮನೆಯಲ್ಲಿ ಮಾತ್ರ.